ಗೇಟು ತೆಗೆಸಿದ ಅಯ್ಯನವರು

ಸಭೆಯೊಂದನ್ನು ಮುನ್ನಡೆಸತಕ್ಕವನು ಶಾಂತಸ್ವಭಾವದವನೂ ಮಿತಭಾಷಿಯೂ ಕೋಪವನ್ನು ಗೆದ್ದವನೂ ಆಗಿರಬೇಕೆಂಬುದು ಲೋಕವೆಲ್ಲ ಒಪ್ಪಿದ ಮಾತು. ನಮ್ಮ ಕಡೂರಿನ ಕ್ರೈಸ್ತ ಸಭೆಗೆ ಬಂದ ಅಯ್ಯನವರ ಕಿವಿಗಳು ಮಾತ್ರ ಈ ಮಾತನ್ನು ಒಪ್ಪಿರಲಿಲ್ಲ. ದೊಡ್ಡ ಕಿವಿಗಳು ಅವು; ತಲೆಯಿಂದ ತುಸು ಹೊರಕ್ಕೆ ಚಾಚಿಕೊಂಡು, ಹಿಂದಿನ ಕಿಟಕಿಯ ಬೆಳಕು ಬಿದ್ದರೆ ನರಗಳು ಕಾಣುವಷ್ಟು ತೆಳುವಾಗಿದ್ದವು. ಕೋಪ ಬಂದರೆ ಮೊದಲು ಎಡಗಿವಿಯ ತುದಿ ಕೆಂಪಾಗುತ್ತಿತ್ತು. ಆಮೇಲೆ ಬಲಗಿವಿ. ಆಮೇಲೆ ಮಾತು. ಆರಾಧನೆಯಲ್ಲಿ ಅವರು ನಿಂತು ಪ್ರಸಂಗ ಮಾಡುವಾಗ ನಾವೆಲ್ಲ ಬಹಳ ಭಕ್ತಿಯಿಂದ ಅವರ ಎಡಗಿವಿಯನ್ನು ನೋಡುತ್ತಿದ್ದೆವು. ಬಲಗಿವಿಗೂ ಬಣ್ಣ ಹತ್ತಿತೆಂದರೆ ಹಿಂದಿನ ಬೆಂಚಿನವರು ಕಾಲಿನಿಂದಲೇ ಚಪ್ಪಲಿ ಹುಡುಕಿಕೊಳ್ಳುತ್ತಿದ್ದರು.

ಸಭಾಪಾಲಕರನ್ನು ನಮ್ಮಲ್ಲಿ ಅಯ್ಯನವರು ಎನ್ನುವುದು ರೂಢಿ. ಅವರ ಹೆಸರನ್ನು ಪೂರ್ತಿಯಾಗಿ ಬರೆಯುವುದು ಅವರ ಮೇಲೆ ದೂರು ಕೊಡುವಾಗ ಮಾತ್ರ. ಆದ್ದರಿಂದ ನಾನಿಲ್ಲಿ ಬರೆಯುವುದಿಲ್ಲ. ಭಾನುವಾರ ಬೆಳಿಗ್ಗೆ ಕಡೂರಿನಲ್ಲಿ ಆರಾಧನೆ ಮುಗಿಸಿ, ಹಳೆಯ ಮೊಪೆಡ್ಡಿನಲ್ಲಿ ಮಧ್ಯಾಹ್ನಕ್ಕೆ ತರೀಕೆರೆ, ಸಂಜೆಗೆ ಅಜ್ಜಂಪುರ, ದೀಪ ಹಚ್ಚುವ ಹೊತ್ತಿಗೆ ಬೀರೂರಿನ ಮೇಲೆ ಹಾದು ವಾಪಸ್ಸು. ಮೂರೂ ಊರಿನ ನಮ್ಮವರನ್ನು ಒಟ್ಟು ಸೇರಿಸಿದರೂ ಮದುವೆಯ ಮೊದಲ ಪಂಕ್ತಿ ತುಂಬುತ್ತಿರಲಿಲ್ಲ. ಈ ಮೂರು ಸಭೆಗಳನ್ನು ಬೆಳೆಸಬೇಕೆಂದು ಮೇಲಿನ ಕಚೇರಿ ಅವರನ್ನು ಕಳಿಸಿತ್ತು. ಬೆಳೆಯತಕ್ಕದ್ದೆಂದು ನಮ್ಮ ಕಮಿಟಿಯೂ ವರ್ಷಕ್ಕೊಮ್ಮೆ ಸರ್ವಾನುಮತದಿಂದ ನಿರ್ಣಯ ಮಾಡುತ್ತಿತ್ತು. ಆ ನಿರ್ಣಯವನ್ನು ನಡೆಸಕೂಡದೆಂಬ ವಿಷಯದಲ್ಲೂ ಅಷ್ಟೇ ಒಮ್ಮತವಿತ್ತು.

ನಮ್ಮ ದೇವಾಲಯದ ಮುಂದೆ ಒಂದು ಕಬ್ಬಿಣದ ಗೇಟು. ಸಭೆಯ ಖಜಾಂಚಿಗಳ ತಾತ ಹಾಕಿಸಿಕೊಟ್ಟದ್ದು. ತಾತನ ಹೆಸರು ಕಬ್ಬಿಣದ ಅಕ್ಷರಗಳಲ್ಲಿ ಗೇಟಿನ ನೆತ್ತಿಯ ಮೇಲೆ, ಶಿಲುಬೆಗಿಂತ ಒಂದು ಗೇಣು ಎತ್ತರದಲ್ಲಿತ್ತು. ಬೀಗದ ಕೈ ಮೊಮ್ಮಗನ ಜೇಬಿನಲ್ಲಿ. ಒಳಗೆ ಅಂಗಳದ ತುಂಬ ನೆರಳು ಹಾಸುವ ಹಳೆಯ ಹೊಂಗೆಮರ. ರಸ್ತೆಯ ಆ ಕಡೆ ಆಸ್ಪತ್ರೆ. ಸಖರಾಯಪಟ್ಟಣ, ಚೌಳಹಿರಿಯೂರು ಕಡೆಯಿಂದ ರೋಗಿಗಳ ಜೊತೆ ಬಂದವರು ಚರಂಡಿಯ ಕಲ್ಲುಚಪ್ಪಡಿಯ ಮೇಲೆ ಬಿಸಿಲಲ್ಲಿ ಕೂತು, ಧೂಳಿನಲ್ಲೇ ಬುತ್ತಿ ಬಿಚ್ಚಿಕೊಂಡು, ಕಂಬಿಗಳ ಸಂದಿಯಿಂದ ಆ ನೆರಳನ್ನು ನೋಡುತ್ತಿದ್ದರು.

ಅಯ್ಯನವರು ಬಂದ ಮೊದಲನೆಯ ಭಾನುವಾರ ಆರಾಧನೆ ಮುಗಿಯಿತು. ಖಜಾಂಚಿಗಳು ಪದ್ಧತಿಯಂತೆ ಬೀಗ ಹಾಕತೊಡಗಿದರು.

“ಯಾಕೆ ಬೀಗ?” ಎಂದರು ಅಯ್ಯನವರು.

“ತೆಗೆದಿಟ್ರೆ ಜನ ಬಂದ್ಬಿಡ್ತಾರೆ, ಅಯ್ಯನವರೇ.”

ಎಡಗಿವಿ ಕೆಂಪಾಯಿತು. “ಸಭೆಗೆ ಜನ ಬರಲಪ್ಪಾ ಅಂತ ಈಗ ತಾನೇ ಕಣ್ಮುಚ್ಚಿ ಪ್ರಾರ್ಥನೆ ಮಾಡಿದ್ರಿ. ಜನ ಬಂದ್ಬಿಡ್ತಾರೆ ಅಂತ ಬೀಗ ಹಾಕ್ತಿದ್ದೀರಿ. ದೇವರು ಎರಡರಲ್ಲಿ ಯಾವುದನ್ನ ಕೇಳಿಸ್ಕೋಬೇಕು ಅಂತ ನೀವೇ ಹೇಳ್ಬಿಡಿ.”

“ಅಂಥಾ ಜನ ಅಲ್ಲ ಅಯ್ಯನವರೇ, ನಾವು ಕೇಳಿದ್ದು.”

ಬಲಗಿವಿ ಕೆಂಪಾಯಿತು. ಅಂದು ಬೀಗದ ಕೈ ಜೇಬು ಬದಲಾಯಿಸಿತು.

ಮಾರನೆಯ ದಿನದಿಂದ ಹೊಂಗೆಮರದ ಕೆಳಗೆ ಜನ. ಅಯ್ಯನವರ ಹೆಂಡತಿ, ನಮ್ಮೆಲ್ಲರಿಗೂ ಅಮ್ಮನವರು, ಒಂದು ದೊಡ್ಡ ಮಡಕೆಯಲ್ಲಿ ನೀರಿಟ್ಟರು. ಹಿಂದಿನ ಬೀದಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿದ್ದ ಭಾಯ್, ತನ್ನ ತಾಯಿ ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಅಲ್ಲೇ ಕೂತು, ಅಲ್ಲೇ ನಮಾಜು ಮಾಡಿ, ಅಲ್ಲೇ ಬುತ್ತಿ ತಿಂದ. ತಾಯಿ ಗುಣವಾಗಿ ಮನೆಗೆ ಹೋದ ಮೇಲೆ ಮರದ ಸುತ್ತ ಕೂರಲು ಕಬ್ಬಿಣದ ಬೆಂಚು ಮಾಡಿ ತಂದಿಟ್ಟ. ಎಷ್ಟಾಯಿತೆಂದು ಕೇಳಿದ್ದಕ್ಕೆ, “ಅಮ್ಮೀಜಾನ್‌ಗೆ ನೀವು ನೀರು ಕೊಟ್ಟಾಗ ಬಿಲ್ ಕೊಟ್ರಾ, ಅಯ್ಯನೋರೆ?” ಎಂದು ಹೊರಟುಹೋದ.

ಆ ಜನರಿಗೆ ಅಯ್ಯನವರು ಪ್ರಸಂಗ ಮಾಡಿದ್ದನ್ನು ನಾನು ನೋಡಲಿಲ್ಲ. ನಮ್ಮ ಯುವಕನೊಬ್ಬ ಸುವಾರ್ತೆಯ ಕರಪತ್ರಗಳ ಕಟ್ಟು ಹಿಡಿದು ಮರದಡಿಯ ಹೆಂಗಸೊಬ್ಬಳ ಕಡೆ ಹೊರಟಾಗ ಮಾತ್ರ ಎರಡೂ ಕಿವಿ ಒಟ್ಟಿಗೆ ಕೆಂಪಾದದ್ದನ್ನು ನೋಡಿದ್ದೇನೆ. “ಗಂಡ ಆಸ್ಪತ್ರೆಲಿ ಮಲಗವ್ನೆ, ಅವಳು ಹೊರಗೆ ಕೂತವ್ಳೆ. ಓದಕ್ಕೆ ಕೊಡ್ತೀಯೇನಯ್ಯಾ? ಊಟ ಆಯ್ತಾ ಅಂತ ಕೇಳೋದು ಕಲ್ತ್ಕೊ ಮೊದ್ಲು!” ಎಂದು ಗದರಿ ಕಟ್ಟನ್ನು ಕಸಿದುಕೊಂಡರು.

ಕಮಿಟಿಯಲ್ಲಿ ದೂರುಗಳು ಶುರುವಾದವು. ಎಲೆಯಡಿಕೆ ಉಗಿಯುತ್ತಾರೆ, ಮಕ್ಕಳು ಕಿರುಚುತ್ತವೆ, ಅನ್ನ ಚೆಲ್ಲುತ್ತಾರೆ. ಅಯ್ಯನವರು ಎದ್ದು ಹೋಗಿ ಒಂದು ಬಕೆಟ್ಟು, ಒಂದು ಪೊರಕೆ ತಂದು ಕಾರ್ಯದರ್ಶಿಗಳ ಮುಂದೆ ಇಟ್ಟು, “ಬನ್ನಿ, ತೊಳೆಯೋಣ” ಎಂದರು. ಕಾರ್ಯದರ್ಶಿಗಳಿಗೆ ಆಗಲೇ ಸೊಂಟ ಹಿಡಿದುಕೊಂಡಿತು. “ಅಜ್ಜಂಪುರದಲ್ಲಿ ನಾವು ಆರಾಧನೆ ಮಾಡೋದು ಒಬ್ಬರ ಮನೆ ಜಗಲೀಲಿ. ಅಲ್ಲಿ ಗೇಟೇ ಇಲ್ಲ. ದಾರಿಲಿ ಹೋಗೋರು ನಿಂತು ಹಾಡು ಕೇಳ್ತಾರೆ, ಬುಕ್ಕಾಂಬುಧಿ ಬಸ್ಸು ಬಂದ್ರೆ ಹತ್ಕೊಂಡು ಹೋಗ್ತಾರೆ. ಇಲ್ಲಿ ಗೇಟಿದೆ, ಅದರ ಒಳಗೆ ನೀವಿದ್ದೀರಿ, ಅಷ್ಟೇ” ಎಂದು ಅಯ್ಯನವರು ಬಕೆಟ್ಟು ತಾವೇ ಎತ್ತಿಕೊಂಡು ಹೋದರು.

ಇಷ್ಟೆಲ್ಲವನ್ನೂ ಸಭೆ ಸಹಿಸಿಕೊಂಡಿತು. ಸಹಿಸಿಕೊಳ್ಳಲಾಗದ್ದು ಸಂಭವಿಸಿದ್ದು ಸುಗ್ಗಿ ಹಬ್ಬದಲ್ಲಿ.

ಮನೆಮನೆಯವರು ತಂದ ಕುಂಬಳಕಾಯಿ, ತೆಂಗಿನಕಾಯಿ, ರಾಗಿ, ಕೇಕು, ಕೋಳಿಗಳನ್ನು ಕಾಣಿಕೆಯಾಗಿ ಒಪ್ಪಿಸಿ, ಆರಾಧನೆಯ ನಂತರ ಅಂಗಳದಲ್ಲಿ ಹರಾಜು ಹಾಕುವುದು ನಮ್ಮ ಸುಗ್ಗಿ ಹಬ್ಬದ ಪದ್ಧತಿ. ಹೈಸ್ಕೂಲಿನ ಡ್ರಿಲ್ ಮೇಷ್ಟ್ರಾಗಿ ನಿವೃತ್ತನಾದವನ ಗಂಟಲು ಬೇರೆ ಯಾವ ಘನಕಾರ್ಯಕ್ಕೂ ಬಾರದೆಂದು ಹರಾಜು ಕೂಗುವ ಕೆಲಸವನ್ನು ನನಗೆ ವಹಿಸಿದ್ದರು. ಮೊದಲು ಹರಾಜಾಗುವುದು ಖಜಾಂಚಿಗಳ ಮನೆಯ ಹುಂಜ. ಅದನ್ನು ಅವರೇ ತಂದು ಒಪ್ಪಿಸಿ, ಸಂತೆಯ ಬೆಲೆಗಿಂತ ತುಸು ಕಡಿಮೆಗೆ ಅವರೇ ಕೂಗಿ, ಒಮ್ಮೆ ಹಿಂದಿರುಗಿ ಎಲ್ಲರನ್ನೂ ನೋಡಿ, ಯಾರೂ ಬಾಯಿ ತೆರೆಯದೆ ಇದ್ದುದನ್ನು ಖಚಿತಪಡಿಸಿಕೊಂಡು, ಚಪ್ಪಾಳೆಯ ನಡುವೆ ಅವರೇ ಮನೆಗೆ ಒಯ್ಯುತ್ತಿದ್ದರು. ಮಾರನೆಯ ವರ್ಷ ಅದೇ ಹುಂಜ ಮತ್ತೆ ಬರುತ್ತಿತ್ತು. ದೇವರಿಗೆ ಅಷ್ಟು ಸಲ ಅರ್ಪಿತವಾಗಿ ಅಷ್ಟೇ ಸಲ ಕ್ಷೇಮವಾಗಿ ಮನೆ ಸೇರಿದ ಪ್ರಾಣಿ ಇನ್ನೊಂದಿರಲಾರದು. ಅದಕ್ಕೂ ವಿಷಯ ತಿಳಿದಿತ್ತು. ಕಾಲು ಕಟ್ಟಿಸಿಕೊಂಡು ಮೇಜಿನ ಮೇಲೆ ನಿದ್ದೆ ಹೊಡೆಯುತ್ತಿತ್ತು.

ಆ ವರ್ಷ ಅಯ್ಯನವರು ಹರಾಜಿಗೆ ಮುಂಚೆ ಮರದ ಕಡೆ ತಿರುಗಿ, “ಅಲ್ಲಿ ಕೂತಿರೋರೂ ಬನ್ರಪ್ಪಾ, ಬೇಕಾದ್ದು ಕೂಗಿ” ಎಂದರು. ಖಜಾಂಚಿಗಳು ತಮ್ಮ ವಾಡಿಕೆಯ ಬೆಲೆ ಕೂಗಿದರು. ನಾನು “ಒಂದು ಸಾರಿ” ಎಂದೆ.

“ಅದ್ಕಿಂತ ಹತ್ರುಪಾಯಿ ಜಾಸ್ತಿ ಕಣ್ರೀ, ಮೇಷ್ಟ್ರೇ!”

ಚೌಳಹಿರಿಯೂರಿನ ಹೆಂಗಸು. ಗಂಡನಿಗೆ ಜ್ವರವೆಂದು ಬಂದು ವಾರದಿಂದ ಮರದಡಿಯಲ್ಲಿದ್ದವಳು.

ಖಜಾಂಚಿಗಳು ಬಲವಂತದ ನಗೆ ನಕ್ಕರು. “ಯಾರಮ್ಮಾ ನೀನು? ಇದು ನಮ್ಮನೆ ಹುಂಜ.”

“ನಿಮ್ಮನೇದಾದ್ರೆ ಹರಾಜ್ಗೆ ಯಾಕ್ ತಂದ್ರಿ ಸ್ವಾಮಿ?” ಎಂದಳು ಆಕೆ, ನಿಜವಾಗಿಯೂ ತಿಳಿದುಕೊಳ್ಳುವವಳಂತೆ. “ನಮ್ಮನೆಯವ್ರಿಗೆ ಕೋಳಿ ಸಾರು ಕುಡ್ಸು ಅಂದವ್ರೆ ಡಾಕ್ಟ್ರು. ನೀವು ಮ್ಯಾಲೆ ಕೂಗಂಗಿದ್ರೆ ಕೂಗಿ, ನಾನೇನ್ ಬ್ಯಾಡ ಅಂತೀನಾ?”

ಯಾರೋ ಕಿಸಕ್ಕೆಂದರು. ಕೂಗಿದ್ದರೆ ಹುಂಜ ಖಜಾಂಚಿಗಳದ್ದೇ ಆಗುತ್ತಿತ್ತು. ಆದರೆ ಹೊರಗಿನ ಹೆಂಗಸಿನ ಎದುರು ಹತ್ತು ರೂಪಾಯಿಗೆ ಪೈಪೋಟಿ ಮಾಡುವುದು ತಾತನ ಹೆಸರಿಗೆ ಕುಂದು. ಅವರು ನ್ಯಾಯ ಬೇಡುವವರಂತೆ ಅಯ್ಯನವರ ಮುಖ ನೋಡಿದರು. ನಾನು ಕಿವಿ ನೋಡಿದೆ.

“ಮೇಷ್ಟ್ರೇ,” ಎಂದರು ಅಯ್ಯನವರು, “ಎರಡನೇ ಸಾರಿ ಯಾಕೆ ನಿಂತೋಯ್ತು?”

ಮೂವತ್ತು ವರ್ಷ ಮೈದಾನದಲ್ಲಿ ಕೂಗಿದ ಗಂಟಲು ನನ್ನದು. “ಮೂರು ಸಾರಿ” ಎಂಬುದನ್ನು ಅಷ್ಟು ಸ್ಪಷ್ಟವಾಗಿ ನಾನು ಹಿಂದೆಂದೂ ಉಚ್ಚರಿಸಿರಲಿಲ್ಲ.

ಹುಂಜಕ್ಕೆ ವಯಸ್ಸಾಗಿತ್ತು. ಮರದ ಕೆಳಗೆ ಮೂರು ಕಲ್ಲು ಹೂಡಿ ಒಲೆ ಹಚ್ಚಿದವಳಿಗೆ ಅದನ್ನು ಬೇಯಿಸಲು ಸಂಜೆಯವರೆಗೆ ಹಿಡಿಯಿತು. ಅಷ್ಟು ಹೊತ್ತೂ ಗಾಳಿ ಖಜಾಂಚಿಗಳ ಮನೆಯ ದಿಕ್ಕಿಗೇ ಬೀಸಿತು.

ಆ ವಾರ ಎರಡು ದೂರುಗಳು ಹೋದವು. ಒಂದು ಕಮಿಟಿಯದು, ಮೇಲಿನ ಕಚೇರಿಗೆ: ಅಯ್ಯನವರು ದೇವಾಲಯವನ್ನು ಛತ್ರ ಮಾಡಿದ್ದಾರೆ, ಆದರೂ ಒಬ್ಬರನ್ನೂ ಸಭೆಗೆ ಸೇರಿಸಿಲ್ಲ. ಇನ್ನೊಂದು, ನಮ್ಮೂರಿನ ಕೆಲವು ಹುಡುಗರದು, ಪೊಲೀಸ್ ಠಾಣೆಗೆ: ಅಯ್ಯನವರು ಆಸ್ಪತ್ರೆಗೆ ಬಂದವರನ್ನೆಲ್ಲ ಸಭೆಗೆ ಸೇರಿಸಿಕೊಳ್ಳುತ್ತಿದ್ದಾರೆ. ಎರಡನ್ನೂ ಒಟ್ಟಿಗೆ ಓದಿದವರಿಗೆ ಬೇರೆ ವಿಚಾರಣೆಯ ಅಗತ್ಯವೇ ಬೀಳುತ್ತಿರಲಿಲ್ಲ. ಮೊದಲನೆಯದಕ್ಕೆ ನನ್ನ ಸಹಿಯನ್ನೂ ಕೇಳಿದರು, ನಾನು ಹಾಕಲಿಲ್ಲ. ಅದರಲ್ಲಿ ಶೌರ್ಯವೇನೂ ಇಲ್ಲ. ಖಜಾಂಚಿಗಳೂ ನಾನೂ ಒಂದೇ ಬೆಂಚಿನಲ್ಲಿ ಓದಿದವರು, ಅವರನ್ನು ನಾನು ಮೂರನೆಯ ಕ್ಲಾಸಿನಿಂದ ಸಹಿಸಿಲ್ಲ.

ಇನ್ಸ್‌ಪೆಕ್ಟರು ಬಂದು, ಮರದಡಿಯಲ್ಲಿ ಪಾತ್ರೆ ತೊಳೆಯುತ್ತಿದ್ದ ಚೌಳಹಿರಿಯೂರಿನವಳನ್ನೇ ಕೇಳಿದರು. “ಇಲ್ಲಿಯವರು ನಿನಗೆ ಏನಾದ್ರೂ ಆಸೆ ತೋರಿಸಿದ್ರಾ? ಪುಕ್ಕಟೆ ಏನಾದ್ರೂ ಕೊಟ್ರಾ?”

“ಪುಕ್ಕಟೆ ಎಲ್ ಕೊಟ್ರು ಸಾ? ಒಂದು ಹುಂಜ ಕೊಟ್ರು, ಮುದಿಹುಂಜ, ಅದಕ್ಕೂ ದುಡ್ಡು ಎಣಿಸ್ಕೊಂಡ್ರು.”

ಇನ್ಸ್‌ಪೆಕ್ಟರು ಮಡಕೆಯ ನೀರು ಕುಡಿದು ಹೊರಟುಹೋದರು. ಠಾಣೆಯ ದೂರು ಅಲ್ಲಿಗೆ ಮುಗಿಯಿತು. ಮುಗಿಯದೆ ಉಳಿದದ್ದು ನಮ್ಮವರದು.

ಮೇಲಿನ ಕಚೇರಿಯಿಂದ ಇಬ್ಬರು ಹಿರಿಯರು ಬಂದರು. ಮರದ ಕೆಳಗಿನವರ ಪೈಕಿ ಎಷ್ಟು ಮಂದಿ ಸಭೆ ಸೇರಿದ್ದಾರೆಂದು ಕೇಳಿದರು.

“ಒಬ್ಬರೂ ಇಲ್ಲ,” ಎಂದರು ಅಯ್ಯನವರು.

“ಹಾಗಾದರೆ ಬೆಳವಣಿಗೆ ಎಲ್ಲಿ?”

“ಮೊದ್ಲು ಈ ಬೀದಿಯವರಿಗೆ ನಾವು ಇಲ್ಲಿದ್ದೀವಿ ಅಂತ್ಲೇ ಗೊತ್ತಿರಲಿಲ್ಲ ಸ್ವಾಮಿ. ಈಗ ಒಂದು ಸಾವಾದ್ರೂ, ಒಂದು ಹೆರಿಗೆಯಾದ್ರೂ ನಮ್ಮ ಬಾಗಿಲಿಗೆ ಹೇಳಿಕಳಿಸ್ತಾರೆ. ನಿಮ್ಮ ವರದೀಲಿ ಅದಕ್ಕೊಂದು ಕಲಂ ಇದ್ರೆ ಬರ್ಕೊಳ್ಳಿ.”

ಇರಲಿಲ್ಲ. ಆರಾಧನೆಯ ಹೊತ್ತು ಬಿಟ್ಟು ಗೇಟಿಗೆ ಬೀಗ ಹಾಕತಕ್ಕದ್ದೆಂದೂ, ಅಯ್ಯನವರು ತಿಂಗಳೊಳಗೆ ದೂರದ ಇನ್ನೊಂದು ಊರಿಗೆ ಹೋಗತಕ್ಕದ್ದೆಂದೂ ಆಜ್ಞೆಯಾಯಿತು.

ನಮ್ಮ ಕಮಿಟಿಯವರು ದುಷ್ಟರಾಗಿದ್ದರೆ ಸಮಾಧಾನವಿರುತ್ತಿತ್ತು. ಅವರು ದುಷ್ಟರಲ್ಲ. ಎಲ್ಲಿಯೋ ಪ್ರವಾಹ ಬಂತೆಂದರೆ ಕಂಬಳಿ ಕಟ್ಟಿ ಕಳಿಸುತ್ತಾರೆ, ಕಳಿಸಿದ ಫೋಟೋವನ್ನು ಪಡಸಾಲೆಯಲ್ಲಿ ತೂಗುಹಾಕುತ್ತಾರೆ. ಕಂಬಳಿ ಪಡೆಯುವವನು ಕಣ್ಣಿಗೆ ಕಾಣದಷ್ಟು ದೂರದಲ್ಲಿರಬೇಕು, ಅಷ್ಟೇ ಅವರ ಷರತ್ತು. ಎದುರಿಗೆ ಬಿಸಿಲಲ್ಲಿ ಕೂತವಳು ಕೇಳಿದ್ದು ನೆರಳು. ಅದನ್ನು ಇವರು ನೆಟ್ಟದ್ದಲ್ಲ, ನೀರೆರೆದದ್ದಲ್ಲ, ಕೊಟ್ಟರೆ ಸವೆಯುವುದೂ ಅಲ್ಲ. ಅದಕ್ಕೆ ಬೀಗ ಹಾಕಲು ಪ್ರಾರ್ಥನೆಯಿಂದ ಆರಂಭಿಸಿ ಪ್ರಾರ್ಥನೆಯಿಂದ ಮುಗಿಸಿದ ಸಭೆಯೊಂದನ್ನು ನಡೆಸಿದರು!

ಅಯ್ಯನವರು ಯಾರೊಡನೆಯೂ ಜಗಳಕ್ಕೆ ಹೋಗಲಿಲ್ಲ. ನನಗೆ ಭಯವಾದದ್ದು ಆಗಲೇ. ಹೊರಡುವ ಹಿಂದಿನ ದಿನ ಬೆಳಿಗ್ಗೆ ನಾನು ಹೋದಾಗ ವೆಲ್ಡಿಂಗ್ ಭಾಯ್ ಗೇಟನ್ನು ಕೀಲಿನಿಂದ ಎತ್ತಿ ಗೂಡ್ಸ್ ಆಟೋಗೆ ಏರಿಸುತ್ತಿದ್ದ. ತಾತನ ಹೆಸರು ಬುಡಮೇಲಾಗಿ ಆಕಾಶ ನೋಡುತ್ತಿತ್ತು. ಖಜಾಂಚಿಗಳು ಓಡಿಬಂದರು.

“ಇದೇನು ಅಯ್ಯನವರೇ ಇದು?”

“ರಿಪೇರಿ. ನಿಮ್ಮ ತಾತನವರ ಗೇಟು, ನಾನು ಹೋಗೋ ಮುಂಚೆ ಸರಿ ಮಾಡಿಸಿ ಹೋಗೋಣ ಅಂತ.”

“ಕೀಲು ಪೂರ್ತಿ ಸವೆದೋಗಿದೆ, ಸಾಬ್,” ಎಂದ ಭಾಯ್ ಬಹಳ ಗಂಭೀರವಾಗಿ. “ಯಾವುದಾದ್ರೂ ಮಗು ಮೇಲೆ ಬಿದ್ರೆ ತಾತನ ಹೆಸರೇ ಕೆಡ್ತದೆ.”

ಅಯ್ಯನವರ ಕಿವಿ ನೋಡಿದೆ. ಎರಡೂ ತಣ್ಣಗಿದ್ದವು. ಮಾರನೆಯ ದಿನ ಮೊಪೆಡ್ಡನ್ನು ಲಾರಿಗೆ ಹಾಕಿಸುವಾಗ ನನ್ನ ಹೆಗಲು ಹಿಡಿದು, “ಮೇಷ್ಟ್ರೇ, ನಿಮಗೆ ಒಳ್ಳೇ ಗಂಟಲು ಕೊಟ್ಟವ್ನೆ ದೇವರು. ವರ್ಷಕ್ಕೊಂದು ಸಾರಿ ಹುಂಜ ಮಾರಕ್ಕಲ್ಲ,” ಎಂದರು. ನನಗೆ ಅವರು ಹೇಳಿದ ಕೊನೆಯ ಮಾತು ಅದು.

ಹೋಗಿ ಒಂದು ವರ್ಷವಾಗುವುದರೊಳಗೇ ಅವರು ತೀರಿಕೊಂಡ ಸುದ್ದಿ ಬಂತು. ಅಲ್ಲಿಯ ಕಮಿಟಿಯೊಡನೆ ಕಾದಾಡುತ್ತಲೇ ಪ್ರಾಣ ಬಿಟ್ಟಿರಬೇಕೆಂದು ನಾನು ಎಣಿಸಿದೆ. ಅಲ್ಲವಂತೆ, ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟವರು ಮತ್ತೆ ಏಳಲಿಲ್ಲವೆಂದು ಅಮ್ಮನವರು ಫೋನಿನಲ್ಲಿ ಹೇಳಿದರು.

ಕಡೂರಿನಲ್ಲಿ ಸಂತಾಪಸಭೆ ಏರ್ಪಾಡಾಯಿತು. ಖಜಾಂಚಿಗಳೇ ಮೊದಲು ಎದ್ದು, ಕರವಸ್ತ್ರದಿಂದ ಕಣ್ಣೊರೆಸಿಕೊಂಡು, ದಿವಂಗತರು ಶಾಂತಮೂರ್ತಿಗಳಾಗಿದ್ದರೆಂದೂ, ಅವರ ಕಾಲದಲ್ಲಿ ನಮ್ಮ ಸಭೆ ಬಡಬಗ್ಗರಿಗೆ ಬಾಗಿಲು ತೆರೆದಿಟ್ಟು ಊರಿಗೆಲ್ಲ ಮಾದರಿಯಾಯಿತೆಂದೂ ಹೇಳಿದರು. ನನ್ನ ಕಿವಿ ಬಿಸಿಯಾಯಿತು. ಮೊದಲು ಎಡಗಡೆಯದು. ಎದ್ದು ನಿಂತೆ. “ಶಾಂತಮೂರ್ತಿ ಅಲ್ಲ. ನಮ್ಮನ್ನ ನೋಡಿ ನೋಡಿ ಉರಿದು ಸತ್ತ ಮನುಷ್ಯ. ಆ ಉರಿಯನ್ನೂ ಕದಿಯಬೇಡಿ” ಎಂದೆ. ಹಿಂದಿನ ಬೆಂಚಿನವರು ಚಪ್ಪಲಿ ಹುಡುಕಿಕೊಳ್ಳತೊಡಗಿದ್ದು ನನಗೆ ಅಲ್ಲಿಂದಲೇ ಕೇಳಿಸಿತು.

ಖಜಾಂಚಿಗಳು ತಿಂಗಳಿಗೊಮ್ಮೆ ವೆಲ್ಡಿಂಗ್ ಅಂಗಡಿಗೆ ಹೋಗುತ್ತಾರೆ. ಬಿಚ್ಚಿ ಹಾಕಿದ್ದೇನೆ, ಅಂಥ ಹಳೆಯ ಕಬ್ಬಿಣ ಈಗ ಸಿಗುವುದಿಲ್ಲ, ಅಕ್ಷರಗಳನ್ನು ಕೂಡಿಸಲು ಹುಬ್ಬಳ್ಳಿಯಿಂದ ಸಾಮಾನು ಬರಬೇಕು, ಕರೆಂಟಿಲ್ಲ, ಹಬ್ಬ ಬಂತು ಎಂದು ಭಾಯ್ ಪ್ರತಿ ಸಲವೂ ಟೀ ಕುಡಿಸಿ ಕಳಿಸುತ್ತಾನೆ. ಹೊಸದೊಂದು ಗೇಟು ಹಾಕಿಸೋಣವೆಂದು ಕಾರ್ಯದರ್ಶಿಗಳು ಕಮಿಟಿಯಲ್ಲಿ ಸೂಚಿಸಿದರು. ತಾತನ ಹೆಸರಿಲ್ಲದ ಗೇಟು ಆ ಜಾಗದಲ್ಲಿ ಬರಕೂಡದೆಂದು ಅದನ್ನು ವಿರೋಧಿಸಿದವರು ಖಜಾಂಚಿಗಳೇ.

ಅಯ್ಯನವರು ತೀರಿಕೊಂಡ ಮೇಲೆ ಎರಡು ಸುಗ್ಗಿ ಹಬ್ಬ ಕಳೆದಿವೆ. ಗೇಟು ವೆಲ್ಡಿಂಗ್ ಅಂಗಡಿಯಲ್ಲಿದೆ.