ಟೇಪಿನೊಳಗಿನ ಫೇಟಾ

ಮೊದಲೇ ಒಪ್ಪಿಕೊಂಡುಬಿಡ್ತೀನಿ: ಸೋದರಮಾವನ ತಲೆಗೆ ಕಂಪ್ಯೂಟರಿನಲ್ಲಿ ಫೇಟಾ ಸುತ್ತಿದ ಮಂಗ್ಯಾ ನಾನೇ. ಊರವರ ದನಿ ತೆಗೆದು ಅಣಕಿಸೋದು ನನ್ನ ಹಳೆಯ ಚಟ. ಎಸ್‌ಟಿ ಬಸ್ಸಿನ ಕಂಡಕ್ಟರನಿಂದ ಹಿಡಿದು ನಮ್ಮಪ್ಪನ ಕೆಮ್ಮಿನವರೆಗೆ ಯಾವುದನ್ನೂ ಬಿಟ್ಟಿಲ್ಲ. ಒಬ್ಬರ ದನಿ ಇನ್ನೊಬ್ಬರ ಬಾಯಿಗೆ ಇಟ್ಟಷ್ಟೇ ಸಲೀಸಾಗಿ ಒಬ್ಬರ ಫೇಟಾ ಇನ್ನೊಬ್ಬರ ತಲೆಗೆ ಇಡಬಹುದು ಅಂದುಕೊಂಡೆ. ಬುದ್ಧಿ ಇದ್ದದ್ದೇ ಅಷ್ಟು.

ಜಗಳ ನನಗಿಂತ ಹಿರಿಯದು. ಅಪ್ಪ ಅವ್ವನ ಲಗ್ನದಲ್ಲಿ ಹಿರಿಯರಿಗೆಲ್ಲ ಮಾನದ ಫೇಟಾ ಸುತ್ತಿದರು, ಹುಡುಗಿಯ ಅಣ್ಣನಾದ ತನ್ನೊಬ್ಬನನ್ನೇ ಬಿಟ್ಟರು ಅಂತ ಮಾಮಾನ ವಾದ. ಅವಗೂ ಸುತ್ತೀವಿ ಅಂತ ಅಪ್ಪನ ವಾದ. ಅಂದಿನಿಂದ ಮಾಮಾ ನಾಗರ ಪಂಚಮಿಗೆ ತನ್ನೂರು ಮಾಡಗ್ಯಾಳದಿಂದ ಬಂದರೂ ತಂಗಿಯ ಕೈಗೆ ಉಂಡಿ, ಸೀರೆ ಕೊಟ್ಟು ಹೊಸ್ತಿಲ ಹೊರಗಿನಿಂದಲೇ ಹೊಳ್ಳುತ್ತಿದ್ದ. ನೀರು ಸಹ ಮುಟ್ಟುತ್ತಿರಲಿಲ್ಲ. ಅವನದ್ದೂ ಅವನು ಸಾಕಿದ ಕುರಿಗಳದ್ದೂ ಒಂದೇ ಬಾಗಿದ ಮೂಗು. ಅವನ ಹಾಗೆ ಮೂಗು ಮೇಲೆತ್ತಿ ‘ಸುತ್ತಿಲ್ಲಂದ್ರ ಸುತ್ತಿಲ್ಲ!’ ಅಂತ ನಾನು ಅಣಕಿಸಿದರೆ ಅಪ್ಪ ನಗುತ್ತಿದ್ದ, ಅವ್ವ ಕೈಗೆ ಸಿಕ್ಕಿದ್ದನ್ನು ನನ್ನ ಮೇಲೆ ಎಸೆಯುತ್ತಿದ್ದಳು.

ಈಗ ಅಕ್ಕನ ಲಗ್ನ ಗೊತ್ತಾಯಿತು. ನಮ್ಮಲ್ಲಿ ಮದುಮಗಳ ಕೈ ಹಿಡಿದು ಹಂದರಕ್ಕೆ ಕರೆತರುವವನು ಸೋದರಮಾವ. ಅಕ್ಷತೆಯ ಅಕ್ಕಿಕಾಳು ಬೀಳುವತನಕ ಅವಳ ಬೆನ್ನಿಗೆ ನಿಲ್ಲುವವನೂ ಅವನೇ. ಮಾಮಾ ಬರೋದಿಲ್ಲ ಅಂದುಬಿಟ್ಟ.

‘ಅಣ್ಣ ಬರ್ಲಿಲ್ಲಂದ್ರ ನನ್ನ ಮಗಳು ಯಾರ ಕೈ ಹಿಡದು ಬರಬೇಕ್ರಿ?’ ಅಂತ ಅವ್ವ ಅಪ್ಪನ ಮೇಲೆ ಹರಿಹಾಯ್ದಳು.

‘ಲಗ್ನದ ಕ್ಯಾಸೆಟ್ ಐತೆಲ್ಲ, ಹಾಕಿ ತೋರಸು. ಬಾಯಿ ಮುಚ್ಚತಾನ,’ ಅಂದ ಅಪ್ಪ.

ಕ್ಯಾಸೆಟ್ಟು ಅವ್ವನ ಸೀರೆಗಳ ಕೆಳಗೆ ಬಿಳಿ ಬೂಷ್ಟು ಹಿಡಿದು ಕೂತಿತ್ತು. ಜತ್ತದ ಒಂದು ಹಳೆ ಫೋಟೋ ಸ್ಟುಡಿಯೋದಿಂದ ವಿಸಿಆರ್ ಬೇಡಿ ತಂದೆ. ಟೇಪು ಒರೆಸಿ, ಯಂತ್ರದ ಹೆಡ್ಡು ಸ್ಪಿರಿಟ್ಟಿನಿಂದ ತಿಕ್ಕಿ, ಕೆಂಪು-ಬಿಳಿ-ಹಳದಿ ವೈರುಗಳನ್ನು ವಿಡಿಯೋ ಇಳಿಸುವ ಸಣ್ಣ ಡಬ್ಬಿಗೂ, ಡಬ್ಬಿಯನ್ನು ಲ್ಯಾಪ್‌ಟಾಪಿಗೂ ಸಿಗಿಸಿದೆ. ಇದು ಮೊಬೈಲಿನ ವಿಡಿಯೋ ಇದ್ದಂಗ ಅಲ್ಲ. ಟೇಪು ಎಷ್ಟು ಹೊತ್ತಿನದೋ ಅಷ್ಟು ಹೊತ್ತೂ ಮುಂದೆ ಕೂತು ಇಳಿಸಿಕೊಳ್ಳಬೇಕು. ಅಪ್ಪ ಪಂಚಾಯ್ತಿಗೆ ಕೂತವನ ಹಾಗೆ ಕುರ್ಚಿ ಹಾಕಿಕೊಂಡು ಕೂತ.

ಪರದೆಯ ಮೇಲೆ ಒಬ್ಬೊಬ್ಬರ ತಲೆಗೂ ಫೇಟಾ ಏರಿತು. ಕಡೆಗೆ ಮಾಮಾ ಕಂಡ, ಬರೀ ತಲೆ, ಗಂಟು ಮುಖ. ಫೇಟಾದ ಬಟ್ಟೆ ಹಿಡಿದವನೊಬ್ಬ ಅವನ ಕಡೆ ಹೊರಳಿದ. ವಿಡಿಯೋದವನ ಕಲೆ ಉಕ್ಕಿದ್ದೂ ಆಗಲೇ! ಪರದೆ ತುಂಬ ಗುಲಾಬಿ ಅರಳಿತು, ಗುಲಾಬಿಯೊಳಗಿಂದ ಇನ್ನೊಂದು ಗುಲಾಬಿ, ಅದರೊಳಗಿಂದ ಯಾವುದೋ ತೋಟ, ತೋಟದಲ್ಲಿ ಹಂಸ. ಹಂಸ ಹೋಗುವಷ್ಟರಲ್ಲಿ ಮಂದಿ ಊಟಕ್ಕೆ ಕೂತಿದ್ದರು.

‘ನೋಡಿದೇನು? ಹೂವಿನ ಹಿಂದ ಸುತ್ತ್ಯಾರ,’ ಅಂದ ಅಪ್ಪ, ಮುಖ ಸಣ್ಣದು ಮಾಡಿಕೊಂಡು.

‘ಹೂ ತಗದು ಸುತ್ತಿದ್ದು ತೋರಸ್ಲ್ಯಾ?’

‘ಬರ್ತದೇನು ನಿನಗ?’

ಬರ್ತದೆ ಅಂದೆ. ಊಟ ನೋಡಿ ಏನಾಗಬೇಕು ಅಂತ ಟೇಪನ್ನೂ ಅಲ್ಲಿಗೇ ನಿಲ್ಲಿಸಿದೆ. ಅಪ್ಪನ ಕಾಕಾನ ತಲೆಯ ಫೇಟಾ ಕತ್ತರಿಸಿ ಮಾಮಾನ ತಲೆಗೆ ಅಂಟಿಸಿ, ಗುಲಾಬಿ ಇದ್ದಲ್ಲಿ ಜೋಡಿಸಿದೆ. ಪಾಪ ಅವ್ವ, ನಂಬಿ ಅಣ್ಣನಿಗೆ ಫೋನ್ ಹಚ್ಚಿದಳು.

ಮಾಮಾ ಜೀಪಿನಿಂದ ಇಳಿದವನೇ ಹೊಸ್ತಿಲ ಹೊರಗೆ ನಿಂತ. ‘ಕುಂದ್ರು ಅಣ್ಣಾ,’ ಅಂದಳು ಅವ್ವ. ‘ನೋಡಾಕ ಬಂದೀನಿ, ಕುಂದ್ರಾಕಲ್ಲ.’ ಟೀವಿಗೆ ಹಚ್ಚಿದೆ. ಫೇಟಾ ಸುತ್ತಿಕೊಂಡ ಮಾಮಾ ಕಂಡ. ಅಪ್ಪ ಮೀಸೆ ತಿರುವಿದ. ಅಷ್ಟರಲ್ಲಿ ಟೀವಿಯೊಳಗಿನ ಮಾಮಾನ ಮೂಗಿಗೆ ನೊಣ ಕೂತಿತು. ಅವನು ತಲೆ ಕೊಡವಿದ. ತಲೆ ಆಚೆ ಹೋಯಿತು, ಫೇಟಾ ಇದ್ದಲ್ಲೇ ಗಾಳಿಯಲ್ಲಿ ನಿಂತಿತು.

‘ಏನಲೇ, ನನ್ನ ತಲಿ ಅತ್ಲಾಗ ಹೋತು, ಫೇಟಾ ಯಾಕ ಇತ್ಲಾಗ ನಿಂತೈತಿ?’

‘ಟೇಪ್ ಹಳೇದರಿ, ಹಂಗ ಕಾಣತೈತಿ,’ ಅಂದ ಅಪ್ಪ.

‘ಹಳೇದನ್ನೇ ಹಚ್ಚು. ನಡುವ ನಿಂದ್ರಸಬ್ಯಾಡ,’ ಅಂದ ಮಾಮಾ ನನಗೆ.

ಅವ್ವ ನನ್ನ ಕಡೆ ನೋಡಿದ ನೋಟಕ್ಕೆ ಕೈ ತಾನೇ ವಿಸಿಆರ್‌ಗೆ ಹೋಯಿತು. ಗುಲಾಬಿ, ತೋಟ, ಹಂಸ ಎಲ್ಲ ಮತ್ತೆ ಬಂದು ಹೋದವು. ನಾನು ನೋಡದೇ ಬಿಟ್ಟಿದ್ದ ಊಟದ ಪಂಗತಿ ಬಂತು. ಸಾಲಿನ ತುಂಬ ಫೇಟಾಗಳು. ಕೊನೆಯ ಎಲೆಗೆ ಮಾಮಾ, ಬರೀ ತಲೆಯಲ್ಲೇ, ಅನ್ನ ಮುಟ್ಟದೆ ಕೂತಿದ್ದ.

ನನಗೆ ಯಾರ ದನಿಯೂ ಬರಲಿಲ್ಲ, ನನ್ನದೂ.

‘ನಿಮ್ಮಿಬ್ಬರ ಸೊಕ್ಕಿನ್ಯಾಗ ನನ್ನ ಮಗಳು ಒಬ್ಬಾಕಿನ ಹಂದರಕ್ಕ ಬರಬೇಕೇನು?’ ಅಂತ ಅವ್ವ ಚೀರಿದಳು. ಅಪ್ಪ ಗಂಟಲು ಸರಿಮಾಡಿಕೊಂಡ. ‘ಆದದ್ದು ಆತು ಬಿಡ್ರಿ. ಈ ಲಗ್ನದಾಗ ಎಲ್ಲಾರ್ಕಿಂತ ದೊಡ್ಡ ಫೇಟಾ ನಿಮಗ ಸುತ್ತಸ್ತೀನಿ, ಬರ್ರಿ.’

ತಂಗಿಯ ಗಂಡನೆಂದು ಅಪ್ಪನನ್ನು ದಾಜಿ ಅಂತ ಕರೆಯುವ ಮಾಮಾ, ಆ ಹೊತ್ತಿನಲ್ಲೂ ಮರ್ಯಾದೆ ಬಿಡಲಿಲ್ಲ.

‘ಬರ್ತೀನಿ ದಾಜಿ. ಹುಡುಗಿ ಕೈ ಹಿಡೀತೀನಿ, ಆಕಿ ಬೆನ್ನಿಗೆ ಬರೇ ತಲೀಲೆ ನಿಲ್ಲತೀನಿ. ಯಾಕಂತ ಮಂದಿ ಕೇಳಿದ್ರ ನಾ ಬಾಯಿ ತೆಗಿಯಂಗಿಲ್ಲ, ನಿಮ್ಮ ಕಡೆ ಬಟ್ಟು ಮಾಡಿ ತೋರಸ್ತೀನಿ. ಹೇಳಾವ್ರು ನೀವು.’