ಕತ್ತರಿಸಿದ ನುಡಿ

"ತಂಗೀಗೆ ಗಂಡು ನೋಡುವಾಗೂ ನಿಮ್ಮನ್ಯಾಗ ಇಷ್ಟ ದಿನಾ ಹಿಡದಿದ್ದಿಲ್ಲ" ಎಂದು ನನ್ನ ಹೆಂಡತಿ ಅಂದದ್ದು ಸುಳ್ಳಲ್ಲ. ಒಂದು ಹೆಡ್‌ಫೋನ್ ಕೊಳ್ಳಲು ನಾನು ಎರಡು ತಿಂಗಳು ತೆಗೆದುಕೊಂಡೆ. ಬಂಗೂರನಗರದ ಕಾಲೇಜೊಂದರ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ಕಾಯುವ ನನ್ನಂಥವನಿಗೆ ದಕ್ಕುವುದು ನಡುವಿನ ದರದ ಮಾಲು. ಅಗ್ಗದ್ದು ಕೊಳ್ಳುವವನು ಬಂದದ್ದು ಬರಲಿ ಎನ್ನುತ್ತಾನೆ. ತುಟ್ಟಿಯದು ಕೊಳ್ಳುವವನು ಹೆಸರು ನೋಡಿ ತರುತ್ತಾನೆ. ನಡುವಿನವನು ಮಾತ್ರ ಒಂದೊಂದನ್ನೂ ಅನುಮಾನದಿಂದ ನೋಡುತ್ತ ಕೂರಬೇಕು. ಜೊತೆಗೆ ನನಗೊಂದು ಜಂಬವಿತ್ತು. ಊರಿನಲ್ಲಿ ಎಲ್ಲರಿಗೂ ಕಿವಿ ಇರಬಹುದು, ಕೇಳುವ ಕಿವಿ ನನಗೆ ಮಾತ್ರ ಇದೆ ಎಂದು ತಿಳಿದಿದ್ದೆ.

ಫೋನಿನಲ್ಲಿ ನೋಡಿದ ವಿಮರ್ಶೆಗಳೆಲ್ಲ ಒಂದು ಮಾತನ್ನು ಒಪ್ಪುತ್ತಿದ್ದವು: ನಿಮಗೆ ಬಾಯಿಪಾಠವಾಗಿರುವ ಒಂದೇ ಹಾಡನ್ನು ಎಲ್ಲ ಹೆಡ್‌ಫೋನುಗಳಲ್ಲೂ ಕೇಳಿ ನೋಡಿ, ಆಗ ವ್ಯತ್ಯಾಸ ತಿಳಿಯುತ್ತದೆ. ನನಗೆ ಹಾಗೆ ಬಾಯಿಪಾಠವಾಗಿದ್ದದ್ದು ಒಂದೇ. ತಂಗಿಯ ಕುಬಸದಲ್ಲಿ, ಅಂದರೆ ಏಳು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ ಹಸಿರು ಬಳೆ ತೊಡಿಸುವ ದಿನ, ದೊಡ್ಡವ್ವ ಹಾಡಿದ ಹಾಡು. ನಾನೇ ಫೋನಿನಲ್ಲಿ ತುಂಬಿಕೊಂಡು ನೆಂಟರಿಗೆಲ್ಲ ಕಳಿಸಿದ್ದೆ.

ದೊಡ್ಡವ್ವ ಎಂದು ಕರೆದರೂ ಅವಳು ನಮ್ಮ ರಕ್ತಸಂಬಂಧಿಯಲ್ಲ. ಅಪ್ಪ ಕಾಗದದ ಮಿಲ್ಲಿನಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದಾಗ ನಮ್ಮ ಸಾಲಿನ ಕೊನೆಯ ಮನೆಯಲ್ಲಿದ್ದವಳು. ಗಂಡ ಹೆಂಡತಿ ಇಬ್ಬರೂ ನಮ್ಮ ಹಾಗೆಯೇ ಧಾರವಾಡದ ಕಡೆಯಿಂದ ಬಂದವರು, ಮಕ್ಕಳಿರಲಿಲ್ಲ. ತಂಗಿ ಹುಟ್ಟಿದ ಮೇಲೆ ಅವ್ವ ಒಂದು ವರ್ಷ ಹಾಸಿಗೆ ಹಿಡಿದಳು. ಆ ವರ್ಷವೆಲ್ಲ ನನಗೆ ಎರೆದು, ತಲೆ ಬಾಚಿ, ಬುತ್ತಿ ಕಟ್ಟಿ ಶಾಲೆಗೆ ಕಳಿಸಿದವಳು ದೊಡ್ಡವ್ವ. ಗಂಡ ತೀರಿಕೊಂಡ ಮೇಲೆ ಅವಳು ಕೋಗಿಲಬನದಲ್ಲಿ ತಮ್ಮನ ಮನೆ ಸೇರಿದಳು.

ಅವಳ ಕುಬಸದ ಹಾಡಿಗೆ ಒಂದು ಕಟ್ಟಳೆ ಇದೆ. ಮನೆಮಂದಿಯಲ್ಲಿ ಒಬ್ಬೊಬ್ಬರ ಹೆಸರು ಹಿಡಿದು ಒಂದೊಂದು ನುಡಿ ಹಾಡಬೇಕು. ಅಪ್ಪ ಯಾವ ಸೀರೆ ತಂದ, ಅವ್ವ ಏನು ಅಡಿಗೆ ಮಾಡಿದಳು, ಅಣ್ಣ ಎಲ್ಲಿಯ ಬಳೆ ತಂದ ಎಂದು. ಒಬ್ಬರ ಹೆಸರು ಬಿಟ್ಟರೂ ಅವರನ್ನು ಮನೆಯಿಂದ ಹೊರಗಿಟ್ಟ ಹಾಗೆ. ಅದಕ್ಕೆ ಅವಳು ಹೆಬ್ಬೆರಳನ್ನು ಬೆರಳಿನ ಗೆಣ್ಣುಗಳ ಮೇಲೆ ಒಂದೊಂದಾಗಿ ಸರಿಸುತ್ತ ಹಾಡುತ್ತಾಳೆ. ನಮ್ಮ ಮನೆಯ ಹಾಡಿನಲ್ಲಿ ಒಂಬತ್ತು ಹೆಸರು, ಒಂಬತ್ತು ನುಡಿ. ನಾಲ್ಕನೆಯದು ನನ್ನದು.

ಹಳಿಯಾಳದ ಅಂಗಡಿಯಲ್ಲಿ ಮೂರು ಹೆಡ್‌ಫೋನುಗಳಲ್ಲಿ ಅದನ್ನು ಹಾಕಿ ನೋಡಿದೆ. ಒಂದರಲ್ಲಿ ದೊಡ್ಡವ್ವನ ದನಿ ಕೊಡದೊಳಗಿಂದ ಬಂತು. ಇನ್ನೊಂದರಲ್ಲಿ ಚಪ್ಪಾಳೆ ಡೊಳ್ಳಾಯಿತು. ಮೂರನೆಯದನ್ನು ಹತ್ತು ನಿಮಿಷ ಹಾಕಿಕೊಂಡರೆ ಕಿವಿಯ ಹಾಲೆ ನೋಯುತ್ತಿತ್ತು. "ಹಾಡು ಕೇಳಾಕ ತಗೊಳ್ಳಾಕತ್ತೀರೋ, ತಪ್ಪು ಹುಡುಕಾಕೋ?" ಎಂದು ಅಂಗಡಿಯವನು ಕೇಳಿದ. ಕೊನೆಗೆ ಜೊಯಿಡಾದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿರುವ ಗೆಳೆಯನ ಹತ್ತಿರ ನಾನು ಆಸೆಪಟ್ಟ ಮಾದರಿಯೇ ಇದೆ ಎಂದು ಗೊತ್ತಾಗಿ, ಬಸ್ಸು ಹಿಡಿದು ಅಲ್ಲಿಗೂ ಹೋದೆ. ಕಿವಿಯನ್ನು ಪೂರ್ತಿ ಮುಚ್ಚುವ ಮೆತ್ತನೆಯ ಬಟ್ಟಲು, ಹೊರಗಿನ ಗದ್ದಲ ಅಡಗಿಸುವ ಗುಂಡಿ. ಎರಡು ನುಡಿ ಕೇಳುವಷ್ಟರಲ್ಲಿ ವಾಪಸು ಬಸ್ಸಿನ ಹೊತ್ತಾಯಿತು, ಅದು ಹೋದರೆ ಮತ್ತೆ ಸಂಜೆಯವರೆಗೆ ಗತಿಯಿಲ್ಲ. ಎರಡೇ ನುಡಿ ಸಾಕಾದವು. ಅದನ್ನೇ ತರಿಸಿದೆ.

ಪಾರ್ಸಲ್ ಬಂದದ್ದು ಶನಿವಾರ. ಭಾನುವಾರ ಊಟ ಮುಗಿಸಿ, ಬಾಗಿಲು ಮುಂದೆ ಮಾಡಿಕೊಂಡು ಹೆಡ್‌ಫೋನ್ ಹಾಕಿಕೊಂಡು ಕೂತೆ. ಆರಿಸಿದ್ದು ಸಾರ್ಥಕವಾಯಿತು ಅನಿಸಿತು. ದೊಡ್ಡವ್ವ ನುಡಿಗೆ ಮೊದಲು ಉಸಿರು ಎಳೆದುಕೊಳ್ಳುವುದು, ತಂಗಿಯ ಬಳೆ, ಅಡಿಗೆಮನೆಯಲ್ಲಿ ಯಾರೋ ಕೊಬ್ಬರಿ ತುರಿಯುವುದು, ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು. ನಾಲ್ಕನೆಯ ನುಡಿ ಶುರುವಾಯಿತು. ನನ್ನ ಹೆಸರು ಬಂತು, ಹಳಿಯಾಳದ ಪೇಟೆಯ ಹಸಿರು ಬಳೆ ಬಂದವು. ಆಗ ಎಡಗಿವಿಯ ಹತ್ತಿರ ಒಂದು ಹೆಣ್ಣುದನಿ ಮೆಲ್ಲಗೆ ಕೇಳಿತು: "ಇಕಿ ಯಾರ್ರಿ? ಇಷ್ಟ ಮಂದಿ ಮುತ್ತೈದ್ಯಾರ ಇರಬೇಕಾದ್ರ ಇಕಿ ಯಾಕ ಮೊದಲ ಹಾಡಾಕತ್ತಾಳ?"

ಒಂದು ಗಂಡುದನಿ ಪಿಸುಗುಟ್ಟಿತು: "ಯಾರೂ ಅಲ್ರಿ. ಬಾಜೂ ಓಣಿಯಾಕಿ. ಯಾರೂ ಕರದಿಲ್ಲ, ತಾನ ಬಂದು ಕುಂತಾಳ. ನೀವು ಮನಸಿಗೆ ಹಚ್ಕೋಬ್ಯಾಡ್ರಿ."

ಆ ಗಂಡುದನಿ ನನ್ನದು.

ನೂರು ಸಲ ಕೇಳಿದ್ದೆ. ಫೋನಿನ ಸ್ಪೀಕರಿನ ಕರಕರದಲ್ಲಿ ಆ ಪಿಸುಮಾತು ಹೆಂಗಸರ ಗುಜುಗುಜುವಿನೊಳಗೆ ಅಡಗಿಹೋಗಿತ್ತು. ನನ್ನ ತಲೆಯಿಂದಲೂ ಹೋಗಿತ್ತು. ಈಗ ಎಲ್ಲ ಕಣ್ಣಿಗೆ ಕಟ್ಟಿತು. ಕೇಳಿದವರು ಮುಂಡಗೋಡದಿಂದ ಬಂದಿದ್ದ ತಂಗಿಯ ಅತ್ತೆ. ನಾನು ಫೋನ್ ಹಿಡಿದು ನಿಂತಿದ್ದವನು ಮುಖ ತಿರುಗಿಸಿ ಉತ್ತರ ಕೊಟ್ಟಿದ್ದೆ. ಕರೆದಿಲ್ಲ ಅಂದೆನಲ್ಲ, ಕೋಗಿಲಬನಕ್ಕೆ ಹೋಗಿ ಕರೆದವನೇ ನಾನು. "ಶುಭಕಾರ್ಯದಾಗ ನಾ ಯಾಕೋ ತಮ್ಮಾ, ಮಂದಿ ಏನಂದಾರು" ಎಂದು ಅವಳು ಹಿಂಜರಿದಾಗ, ನೀ ಹಾಡದಿದ್ದರೆ ಕುಬಸವೇ ಬೇಡ ಎಂದು ದೊಡ್ಡ ಮಾತಾಡಿ ಗಾಡಿಯ ಹಿಂದೆ ಕೂರಿಸಿಕೊಂಡು ಬಂದವನೂ ನಾನೇ. ಆ ಮಂದಿ ಏನಂದಾರು ಎಂಬುದು ಒಂದೇ ಒಂದು ಪ್ರಶ್ನೆಯಾಗಿ ಬಂದಾಗ ನನ್ನ ದೊಡ್ಡ ಮಾತೆಲ್ಲ ಗಾಳಿಗೆ ಹೋಯಿತು. ತಂಗಿಯ ಬಾಳಿಗೆ ತೊಂದರೆ ಆಗದಿರಲಿ ಎಂದು ಹಾಗೆ ಅಂದೆ ಎಂದು ಆ ಭಾನುವಾರ ಮಧ್ಯಾಹ್ನ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಆ ಅತ್ತೆ ಜಗಳಗಂಟಿಯಲ್ಲ. ನಮ್ಮ ದೊಡ್ಡವ್ವ ರೀ, ನಮ್ಮನ್ನು ಬೆಳೆಸಿದವಳು ಎಂದಿದ್ದರೆ ಹೌದೇನು ಎಂದು ಸುಮ್ಮನಾಗುತ್ತಿದ್ದರು. ನನಗೆ ಅವರ ಮುಂದೆ ಮುಖ ಸಣ್ಣದಾಗುವುದು ಬೇಡವಾಗಿತ್ತು, ಅಷ್ಟೇ. ಹೆಡ್‌ಫೋನ್ ತೆಗೆದಿಟ್ಟೆ.

ಅಷ್ಟಕ್ಕೇ ಮುಗಿಯುವಂತಿರಲಿಲ್ಲ. ಒಳ್ಳೆಯ ಹೆಡ್‌ಫೋನ್ ಬಂದ ಕೂಡಲೇ ನಿನ್ನ ಹಾಡು ನಿನಗೆ ಕೇಳಿಸುತ್ತೇನೆ ಎಂದು ದೊಡ್ಡವ್ವನಿಗೆ ಮಾತು ಕೊಟ್ಟಿದ್ದೆ. ಸೋಮವಾರವೇ ತನ್ನ ತಮ್ಮನ ಫೋನಿನಿಂದ ಕೇಳಿದಳು: "ಬಂತೇನೋ ನಿನ್ನ ಕಿವೀ ಡಬ್ಬಿ?"

ಅವಳ ಕಣ್ಣು ಮಂದವಾಗಿವೆ, ಕಿವಿ ಇನ್ನೂ ಚುರುಕು. ಕೇಳಿಸಿದರೆ ಪಿಸುಮಾತು ಗೊತ್ತಾಗುವುದು ಖಂಡಿತ. ಎರಡು ಸಂಜೆ ಕೂತು ನನ್ನ ದನಿಯೊಂದನ್ನೇ ಅಳಿಸಲು ನೋಡಿದೆ. ಆಗಲಿಲ್ಲ, ಅವಳ ಹಾಡು ಮತ್ತು ನನ್ನ ಮಾತು ಅಂಟಿಕೊಂಡಿದ್ದವು. ಕೊನೆಗೆ ಆ ನುಡಿಯನ್ನೇ ಪೂರ್ತಿ ಕತ್ತರಿಸಿದೆ. ಮೂರನೆಯದರ ಬೆನ್ನಿಗೆ ಐದನೆಯದನ್ನು ಜೋಡಿಸಿದೆ. ಕೇಳುವ ಕಿವಿಯವನಲ್ಲವೇ, ಬೆಸುಗೆ ಎಲ್ಲಿದೆ ಎಂದು ಯಾರಿಗೂ ತಿಳಿಯದ ಹಾಗೆ ಮಾಡಿದೆ. ಒಂಬತ್ತರಲ್ಲಿ ಒಂದು ಹೋದರೆ ಮುದುಕಿಗೇನು ಗೊತ್ತಾದೀತು ಎಂದುಕೊಂಡೆ.

ಮುಂದಿನ ಭಾನುವಾರ ಕೋಗಿಲಬನಕ್ಕೆ ಹೋದೆ. ದೊಡ್ಡವ್ವ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಕೈ ಒರೆಸಿಕೊಂಡು, ಸೆರಗು ಸರಿಸಿ, ಹೆಡ್‌ಫೋನನ್ನು ತಲೆಗೆ ಏರಿಸಿಕೊಂಡಳು. ನಾನು ಗದ್ದಲ ಅಡಗಿಸುವ ಗುಂಡಿಯನ್ನೂ ಒತ್ತಿದೆ. ಹಾಡು ಶುರುವಾದ ಕೂಡಲೇ ಅವಳ ಮುಖ ಅರಳಿತು. "ಅವ್ವಯ್ಯ, ನಾನ ಏನ ಇಕಿ" ಎಂದಳು. ಅವಳ ಹೆಬ್ಬೆರಳು ತಾನಾಗಿ ಗೆಣ್ಣುಗಳ ಮೇಲೆ ಸರಿಯತೊಡಗಿತು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಬಂದು ನಿಂತುಬಿಟ್ಟಿತು. ಉಳಿದ ಹಾಡೆಲ್ಲ ಅವಳು ಬೆರಳನ್ನು ಅಲ್ಲಿಂದ ಅಲುಗಿಸದೆ ಕೇಳಿದಳು.

ಹಾಡು ಮುಗಿದ ಮೇಲೆ ಒಂದು ಕಡೆಯ ಬಟ್ಟಲನ್ನು ಕಿವಿಯಿಂದ ಎತ್ತಿ ಹಿಡಿದು ಕೇಳಿದಳು: "ನಿನ್ನ ಹೆಸರ ಬರಲಿಲ್ಲಲ್ಲೋ."

"ಬಂದಿರಬೇಕು ದೊಡ್ಡವ್ವ."

"ಇಲ್ಲೋ, ಬರಲಿಲ್ಲ. ನಾನ ಮರತೆನೇನ? ಅಷ್ಟ ಮಂದಿ ಮುಂದ ನಿನ್ನ ಹೆಸರ ಬಿಟ್ಟ ಹಾಡಿದೆನ? ನಿನ್ನ ನನ್ನ ಕೈಯಾರೆ ಎರದು ಬೆಳಸೀನಿ, ನಿನ್ನ ಹೆಸರ ಬಿಟ್ನೇನ." ಅವಳು ಆ ನಾಲ್ಕನೆಯ ಗೆಣ್ಣನ್ನು ಒತ್ತಿ ಹಿಡಿದಳು. "ಆವತ್ತ ನಿನಗ ಎಷ್ಟ ಕೆಟ್ಟ ಅನಿಸಿರಬೇಕು. ಒಂದ ಮಾತ ಅನ್ನಲಿಲ್ಲ ನೋಡು ನೀ, ಬಾಳ ದೊಡ್ಡ ಮನಸ ನಿಂದು."

ಹೇಳಿಬಿಡಬೇಕಾಗಿದ್ದ ಹೊತ್ತು ಅದೇ. ನೀ ಬಿಟ್ಟಿಲ್ಲ, ನಾನು ಕತ್ತರಿಸಿದ್ದು ಎಂದಿದ್ದರೆ ಸಾಕಿತ್ತು. ಬಾಯಿ ತೆರೆದೆ. "ಇರಲಿ ಬಿಡ ದೊಡ್ಡವ್ವ. ವಯಸ್ಸಾತು, ಮರವು ಬರತೈತಿ" ಎಂದೆ. ಅಷ್ಟು ಮೆತ್ತಗೆ ಹೇಳಿದೆ, ಕ್ಷಮಿಸುವವನ ಹಾಗೆ. ನನ್ನ ಜನ್ಮದಲ್ಲಿ ಆಡಿದ ಮಾತುಗಳಲ್ಲಿ ಅದರಷ್ಟು ಹೊಲಸು ಮಾತು ಇನ್ನೊಂದಿಲ್ಲ. ಕುಬಸದ ದಿನ ಆಡಿದ್ದೂ ಇದರ ಮುಂದೆ ಸಣ್ಣದು, ಆವತ್ತು ಯೋಚಿಸಲು ಹೊತ್ತಾದರೂ ಇರಲಿಲ್ಲ.

ಅವಳು ಒಪ್ಪಲಿಲ್ಲ. "ಬಿಡೂದೆಂಗ? ಈಗ ಹಾಡತೇನಿ, ತುಂಬ್ಕೋ. ಅದರಾಗ ಸೇರಸು" ಎಂದು ಬಟ್ಟಲನ್ನು ಮತ್ತೆ ಕಿವಿಗೆ ಇಳಿಸಿಕೊಂಡಳು, ಅದನ್ನು ಹಾಕಿಕೊಂಡೇ ಹಾಡಬೇಕೆಂದು ತಿಳಿದಿದ್ದಳೋ ಏನೋ. ಕಣ್ಣು ಮುಚ್ಚಿ ನನ್ನ ನುಡಿ ಎತ್ತಿದಳು. ತನ್ನ ದನಿ ತನಗೇ ಸರಿಯಾಗಿ ಕೇಳದೆ ಅವಳು ಬಹಳ ಗಟ್ಟಿಯಾಗಿ ಹಾಡಿದಳು. ಒಳಗಿನಿಂದ ಅವಳ ತಮ್ಮನ ಹೆಂಡತಿ ಹಿಟ್ಟಿನ ಕೈಯಲ್ಲೇ ಹೊರಬಂದಳು. ಎದುರು ಮನೆಯವರು ಬಾಗಿಲಿಗೆ ಬಂದು ನಿಂತರು. ಓಣಿಯೆಲ್ಲ ಕೇಳುವಂತೆ ನನ್ನ ಹೆಸರು ಬಂತು, ಹಳಿಯಾಳದ ಹಸಿರು ಬಳೆ ಬಂದವು, ಅವನಂಥ ಅಣ್ಣ ಯಾರಿಗಿದ್ದಾನೆ ಎಂಬ ಕೊನೆಯ ಸಾಲೂ ಬಂತು. ಎದುರು ಮನೆಯವರು ನನ್ನನ್ನು ನೋಡಿ ನಕ್ಕರು. ನಾನು ಅವರೆಕಾಯಿಯ ಸಿಪ್ಪೆ ನೋಡುತ್ತ ಕೂತಿದ್ದೆ.

ನುಡಿ ಮುಗಿಸಿ ಅವಳು ಹೆಬ್ಬೆರಳನ್ನು ನಾಲ್ಕನೆಯ ಗೆಣ್ಣಿನಿಂದ ಎತ್ತಿದಳು. ಹೆಡ್‌ಫೋನ್ ತೆಗೆದು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು.

"ತುಂಬ್ಕೊಂಡಿ ಹೌದಿಲ್ಲೋ?" ಎಂದಳು.

ಹೂಂ ಅಂದೆ. ಫೋನ್ ಕೈಯಲ್ಲೇ ಇತ್ತು. ತುಂಬಿಕೊಳ್ಳುವ ಗುಂಡಿ ಒತ್ತಿರಲಿಲ್ಲ.