ಸ್ಟೇರಿಂಗಿಗೆ ಕಟ್ಟಿದ ದಾರ

ಕಾರು ತೊಗರಿ ಹೊಲಕ್ಕೆ ನುಗ್ಗಿದಾಗ ನಾನು ಪಕ್ಕದಲ್ಲೇ ಕೂತಿದ್ದೆ. ರಾಜೇಶ್ವರದಿಂದ ಬಸವಕಲ್ಯಾಣಕ್ಕೆ ಬರುತ್ತಿದ್ದೆವು. ಎಡಕ್ಕೆ ತಿರುವು ಬಂತು. ನಮ್ಮ ಯಜಮಾನರು ಸ್ಟೇರಿಂಗ್ ಎಳೆದರು, ಅದು ಅರ್ಧಕ್ಕೆ ನಿಂತಿತು, ಗಾಡಿ ನೆಟ್ಟಗೆ ಹೊಲಕ್ಕೆ ಹೋಯಿತು. ಯಾರಿಗೂ ಏನೂ ಆಗಲಿಲ್ಲ. ತೊಗರಿ ಮುರಿಯಿತು, ಹೊಲದವನು ಬೈದ, ಬೈಯಬೇಕಾದ್ದೇ.

ನಮ್ಮದು ಗುಂಡು ಮೈಯ ಹಳೆಯ ಕಾರು. ಅದರ ಗೇರು ನೆಲದಲ್ಲಿಲ್ಲ, ಸ್ಟೇರಿಂಗಿನ ಕುತ್ತಿಗೆಗೇ ಕೋಲಿನ ಹಾಗೆ ಅಂಟಿಕೊಂಡಿದೆ. ಈಗಿನ ಹುಡುಗರಿಗೆ ಮದುವೆ ದಿನ ಅದರಲ್ಲೇ ಕೂತು ಫೋಟೊ ತೆಗೆಸಿಕೊಳ್ಳಬೇಕು. ಮದುಮಗನನ್ನು ಹಿಂದೆ ಕೂರಿಸಿಕೊಂಡು ಯಜಮಾನರು ರುಮಾಲು ಸುತ್ತಿ ನಡೆಸುತ್ತಾರೆ. ಮನೆಯಲ್ಲಿ ಅವರ ಮಾತು ಯಾರೂ ಕೇಳುವುದಿಲ್ಲ. ಗಾಡಿಯಲ್ಲಿ ಮಾತ್ರ ಎಲ್ಲರೂ ಕೇಳುತ್ತಾರೆ.

ಮಗ ಅವತ್ತೇ ಹೇಳಿದ, "ಅಪ್ಪನ ಕೈ ಸೋತಾವ ಯವ್ವಾ. ಇನ್ಮ್ಯಾಗ ಕೀಲಿ ನನ್ನ ಬಲ್ಲಿ ಇರ್ಲಿ."

"ಕೈ ಅಲ್ಲೋ, ಸ್ಟೇರಿಂಗ್ ಹಿಡ್ಯಾಕತ್ತದ," ಅಂದರು ಯಜಮಾನರು.

"ಮತ್ತ ನಂಗ್ಯಾಕ ಹಿಡಿವಲ್ದು?"

ಹುಮನಾಬಾದಿನ ಗ್ಯಾರೇಜಿನ ಮಿಸ್ತ್ರಿ ಏನು ಹೇಳುತ್ತಾನೋ ಅದೇ ಕೊನೆ ಮಾತು ಅಂತ ನಾನೇ ತೀರ್ಮಾನ ಮಾಡಿದೆ. ಗಾಡಿಯಲ್ಲಿ ದೋಷ ಸಿಕ್ಕರೆ ಕೀಲಿ ಅಪ್ಪನದು, ಸಿಗದಿದ್ದರೆ ಮಗನದು. ಹೇಳಿದ್ದು ಕೀಲಿಯ ಮಾತು, ನನಗಿದ್ದ ಅಂಜಿಕೆ ಬೇರೆ. ಯಜಮಾನರ ಅಪ್ಪನಿಗೂ ಮೊದಲು ಕೈ ಸೋತು ಆಮೇಲೆ ಲಕ್ವಾ ಹೊಡೆದಿತ್ತು. ಹಾಸಿಗೆ ಹಿಡಿದ ಮಾವನ ಬಾಯಿಗೆ ಗಂಜಿ ಹಾಕಿದವಳು ನಾನು. ಅದು ಇನ್ನೊಂದು ಸಲ ನನ್ನ ಮನೆಗೆ ಬರುವುದು ಬೇಡವಾಗಿತ್ತು.

ನಾಲ್ಕು ದಿನ ಬಿಟ್ಟು ಮೂವರೂ ಹೊರಟೆವು, ಹುಮನಾಬಾದಿನ ತನಕ ಮಗನೇ ನಡೆಸಿದ. ದಾರಿಯುದ್ದಕ್ಕೂ ಅವನ ಕೈಯನ್ನೇ ನೋಡಿದೆ. ಸ್ಟೇರಿಂಗ್ ಎಲ್ಲಿಯೂ ಹಿಡಿಯಲಿಲ್ಲ. ಗ್ಯಾರೇಜಿನ ಮುಂದೆ ಇಳಿದು, "ಬೆಣ್ಣ್ಯಾಗ ಚಾಕು ಹೋದಂಗ ಹೋತ್ ನೋಡು," ಅಂತ ನನಗೆ ಹೇಳಿ ತನ್ನ ಕೆಲಸಕ್ಕೆ ಹೋದ.

ಮಿಸ್ತ್ರಿ ಜಾಕ್ ಹಚ್ಚಿ ಮುಂದಿನ ಗಾಲಿ ಎತ್ತಿದ. ಸ್ಟೇರಿಂಗ್ ಆ ಕಡೆ ಈ ಕಡೆ ತಿರುಗಿಸಿದ. ಸಲೀಸಾಗಿ ತಿರುಗಿತು. ಕೆಳಗೆ ಮಲಗಿ ಸ್ಟೇರಿಂಗಿನ ಡಬ್ಬಿ ನೋಡಿದ, ರಾಡು ಅಲ್ಲಾಡಿಸಿದ, ಗ್ರೀಸು ತುಂಬಿದ. ಎದ್ದು ಬಂದು ಕೈ ಒರೆಸಿಕೊಳ್ಳುತ್ತ, "ಏನೂ ಇಲ್ರಿ ಕಾಕಾ. ಸಬ್ ಬರೋಬರ್ ಅದ," ಅಂದ.

ಬೆಂಚಿನ ಮೇಲೆ ನನಗೆ ಕೂರಲಾಗಲಿಲ್ಲ. ಎದ್ದೆ. ಹಳೆ ಟಾಯರುಗಳ ತನಕ ಹೋದೆ, ಬಂದೆ. ಎಲೆ ಹಾಕಿಕೊಂಡೆ, ರುಚಿ ಹತ್ತಲಿಲ್ಲ, ಉಗುಳಿದೆ. ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರಾಕ್ಟರುಗಳು ಹಾಡು ಹಚ್ಚಿಕೊಂಡು ಹೋಗುತ್ತಿದ್ದವು. ಅವುಗಳ ಮೇಲೂ ಸಿಟ್ಟು ಬಂತು. ಗಾಡಿ ಕೆಟ್ಟಿರಲಿ ಅಂತ ಬೇಡಿಕೊಂಡ ಹೆಂಗಸು ನಾನೊಬ್ಬಳೇ ಇರಬೇಕು.

"ಮತ್ತೊಮ್ಮೆ ನೋಡಪ್ಪ," ಅಂದೆ.

"ಎಲ್ಲಾ ನೋಡೀನ್ರಿ ಅವ್ವಾ. ಇದ್ದಿದ್ದರ ಸಿಗ್ತಿತ್ತು. ಇಲ್ಲದ್ದು ಎಲ್ಲಿಂದ ತರ್ಲಿ?"

ಯಜಮಾನರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದರು. ಅದನ್ನು ನೋಡಿ ತಡೆಯಲಾಗಲಿಲ್ಲ.

"ಏಳ್ರಿ. ಅವತ್ತು ಹ್ಯಾಂಗ ತಿರಿವಿದ್ರಿ, ಹಾಂಗೇ ತಿರಿವಿ ತೋರಸ್ರಿ. ಗೇರು ಸುದ್ಧಾ ಹಾಕ್ರಿ."

ಅವರು ಕೂತರು. ಗೇರಿನ ಕೋಲನ್ನು ಎರಡನೆಯದಕ್ಕೆ ಹಾಕಿ ಎಡಕ್ಕೆ ತಿರುಗಿಸಿದರು. ಸ್ಟೇರಿಂಗ್ ಅರ್ಧಕ್ಕೆ ನಿಂತಿತು. ಮಿಸ್ತ್ರಿ ಅವರನ್ನು ಸರಿಸಿ ತಾನೇ ತಿರುಗಿಸಿದ. ಅವನಿಗೂ ನಿಂತಿತು. ಗೇರು ತೆಗೆದ, ತಿರುಗಿತು. ಹಾಕಿದ, ನಿಂತಿತು. ನಮ್ಮ ಮಗ ಒಂದರಿಂದ ಸೀದಾ ಮೂರಕ್ಕೆ ಹಾರಿಸುತ್ತಾನೆ, ಎರಡನೆಯ ಗೇರು ಅವನ ಕೈಗೆ ಸಿಗುವುದೇ ಇಲ್ಲ. ಅವನಿಗೆ ಎಲ್ಲಿ ಹಿಡಿಯಬೇಕು?

ಸ್ಟೇರಿಂಗಿನ ಕುತ್ತಿಗೆಗೆ ಯಜಮಾನರು ಈ ದಸರೆ ಮುಗಿದ ಮೇಲೆ ಕೆಂಪು ರೆಕ್ಸಿನ್ ಹೊಲಿಸಿದ್ದರು. ಮಿಸ್ತ್ರಿ ಅದರ ಹೊಲಿಗೆ ಬಿಚ್ಚಿದ. ಒಳಗೆ ಮುಷ್ಟಿ ದಪ್ಪದ ದಾರದ ಗಂಟು. ಪ್ರತಿ ದಸರೆಗೆ ಯಜಮಾನರು ಗಾಡಿ ಪೂಜೆ ಮಾಡಿ ಅಲ್ಲೊಂದು ಅರಿಸಿನದ ದಾರ ಕಟ್ಟುತ್ತಾರೆ. ಹಿಂದಿನ ವರ್ಷದ್ದನ್ನು ಹರಿಯಬಾರದು ಅಂತ ಅವರ ನೇಮ. ವರ್ಷ ವರ್ಷದ್ದೂ ಎಣ್ಣೆ ಕುಡಿದು ಹಗ್ಗದ ಹಾಗೆ ಗಟ್ಟಿಯಾಗಿತ್ತು. ಗೇರು ಎರಡಕ್ಕೆ ಬಿದ್ದಾಗ ಕೋಲಿನ ಬುಡ ಆ ಗಂಟನ್ನು ಸ್ಟೇರಿಂಗಿನ ಸಂದಿಗೆ ಒತ್ತುತ್ತಿತ್ತು.

"ಇದೇನ್ರಿ ಕಾಕಾ, ಗಾಡಿಗಿ ಉಡದಾರ ಕಟ್ಟೀರಿ?" ಮಿಸ್ತ್ರಿ ನಕ್ಕ. ಆಮೇಲೆ ಕೈ ಹಿಂದಕ್ಕೆ ತಗೊಂಡ. "ಪೂಜಾದ್ದು ಅದ. ನಾ ಕಡ್ಯಾಂಗಿಲ್ಲ. ನೀವೇ ತೆಗಿರ್ರಿ."

ಯಜಮಾನರು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತರು. ನಾನು ಎಲೆಯಡಿಕೆಯ ಚಂಚಿಯಿಂದ ಅಡಕತ್ತರಿ ತೆಗೆದು ಕತ್ತರಿಸಿದೆ. ಅಡಿಕೆಗಿಂತ ಗಟ್ಟಿಯಿತ್ತು. ತುಂಡುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡೆ, ಬಾವಿಗೆ ಹಾಕಿದರಾಯಿತು ಅಂತ. ಎರಡನೆಯ ಗೇರಿನಲ್ಲಿ ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿತು.

"ನಾ ಹೇಳಿದ್ದಿಲ್ಲೇನು?" ಯಜಮಾನರು ರುಮಾಲು ಸುತ್ತಿಕೊಂಡರು. ಗ್ಯಾರೇಜಿನವರಿಗೆಲ್ಲ ಚಹಾ ಹೇಳಿದರು. ನಾನೂ ಕುಡಿದೆ, ಈ ಸಲ ಸಕ್ಕರೆ ಗೊತ್ತಾಯಿತು.

ಬಸವಕಲ್ಯಾಣದ ಕಡೆ ಅವರೇ ನಡೆಸಿದರು. ಎಡ ತಿರುವಿನಲ್ಲಿ ಗಾಡಿ ಹೇಳಿದ ಮಾತು ಕೇಳಿತು. ನಾನು ಬೆನ್ನು ಆನಿಸಿ ಕೂತೆ. ಸ್ವಲ್ಪ ಮುಂದೆ ಹೋಗಿ ಗೇರು ಬದಲಿಸಲು ಎಡಗೈ ತೆಗೆದರು. ಬಲಗೈ ಒಂದೇ ಉಳಿಯಿತು. ಗಾಡಿ ಮೆಲ್ಲಗೆ ಮಣ್ಣಿನ ಕಡೆ ವಾಲಿತು. ಎಡಗೈ ಬಂದ ಮೇಲೆ ನೆಟ್ಟಗಾಯಿತು. ಮತ್ತೆ ಗೇರು, ಮತ್ತೆ ವಾಲಿತು. ಆಗ ಬಲಗೈ ನೋಡಿದೆ. ಬೆರಳುಗಳು ಸ್ಟೇರಿಂಗಿನ ಮೇಲೆ ಇದ್ದವು ಅಷ್ಟೇ, ಹಿಡಿದಿರಲಿಲ್ಲ.

"ಬಾಜೂಕ್ಕ ನಿಲ್ಲಸ್ರಿ."

"ಯಾಕ? ರಿಪೇರಿ ಆಗ್ಯಾದಲ್ಲ."

"ನಿಲ್ಲಸ್ರಿ ಅಂದೆ."

ನಿಲ್ಲಿಸಿದರು. ನನ್ನ ಕೈ ಚಾಚಿ, "ಬಲಗೈಲಿ ಹಿಡೀರಿ. ಗಟ್ಟಿ," ಅಂದೆ. ಹಿಡಿದರು. ಹಿಂಡಿ ಬಿಟ್ಟ ಅರಿವೆ ಕೈಯಲ್ಲಿಟ್ಟ ಹಾಗಿತ್ತು.

"ಯಾವಾಗಿಂದ?"

ಅವರು ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡಿದರು. "ಹೊಲದಾಗ ಹೋದ ಮರುದಿನದಿಂದ. ಸ್ಟೇರಿಂಗ್ ಎಳದದ್ದಕ್ಕ ಉಳುಕ್ಯಾದ ಅಂದ್ಕೊಂಡೆ."

ಕೀಲಿ ಕಿತ್ತು ಚಂಚಿಗೆ ಹಾಕಿಕೊಂಡೆ. ಮಗನಿಗೆ ಫೋನು ಹಚ್ಚಿದೆ. "ನೀನೂ ಖರೆ, ನಿಮ್ಮಪ್ಪನೂ ಖರೆ. ಯಾವದರ ಗಾಡಿ ಹಿಡಕೊಂಡು ಬಾ, ಅಪ್ಪನ್ನ ಕರಕೊಂಡು ದವಾಖಾನಿಗಿ ಹೋಗಬೇಕು. ತಡ ಮಾಡಬ್ಯಾಡ," ಅಂದೆ.

ರಸ್ತೆ ಬದಿ ಬೇವಿನ ಗಿಡದ ಕೆಳಗೆ ನಿಂತೆವು. ಮಗ ಬರುವ ದಿಕ್ಕನ್ನೇ ನೋಡುತ್ತಿದ್ದೆ. ಯಜಮಾನರು ಗಾಡಿಗೆ ಆತು ನಿಂತು, "ಅಡಕತ್ರಿ ಅದ ಅಲಾ ನಿನ್ನ ಬಲ್ಲಿ? ನನ್ನ ಕೈಗೂ ಯಾವದರ ದಾರ ಸುತ್ತೇದೇನು, ನೋಡು," ಅಂದರು.

ನಾನು ನಗಲಿಲ್ಲ. ಎಲೆ ಮಡಚಿ ಕೊಟ್ಟೆ. ಎಡಗೈ ಚಾಚಿ ತಗೊಂಡರು.